ಜಡ್ಡಿ ಒಣಗಿಸಲಿಲ್ಲ: ಶಿರಸಿ ಸೀಮೆಯ ಒಂದು ತೋಟದ ನೀರಿನ ಲೆಕ್ಕ

ಶಿರಸಿ ಸೀಮೆಗೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಎಕರೆಗೆ 4,047 ಚದರ ಮೀಟರ್. ಗುಣಿಸಿ ನೋಡಿದರೆ ಒಂದೊಂದು ಎಕರೆಯ ಮೇಲೂ ಒಂದು ಕೋಟಿ ಲೀಟರ್ ನೀರು ಬೀಳುತ್ತದೆ. ಇಷ್ಟು ಬೀಳುವ ಊರಲ್ಲೇ ಮಾರ್ಚ್ ಮುಗಿಯುವಾಗ ಬಾವಿಗೆ ಇಳಿಸಿದ ಕೊಡದಲ್ಲಿ ಕೆಸರು ಬರುತ್ತದೆ, ಮಳೆ ಕೈಕೊಟ್ಟ ವರ್ಷ ಪೇಟೆಯ ಓಣಿಗೆ ಟ್ಯಾಂಕರ್ ಬರುತ್ತದೆ. ಬಯಲುಸೀಮೆಯ ನೆಂಟರಿಗೆ ಹೇಳಿದರೆ ನಗುತ್ತಾರೆ. ನಗಲಿ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ, ಗುಡ್ಡದಿಂದ ಜಾರಿದ ನೀರು ನೋಡನೋಡುತ್ತಲೇ ಹೊಳೆ ಸೇರಿ ಘಟ್ಟ ಇಳಿಯುತ್ತದೆ. ಉಳಿದ ಎಂಟು ತಿಂಗಳು ನಾವು ಬದುಕುವುದು ಗುಡ್ಡದ ಹೊಟ್ಟೆಯಲ್ಲಿ ಉಳಿದದ್ದರ ಮೇಲೆ. ಅದಕ್ಕೇ ನಮ್ಮ ಕಡೆ ನೀರಿನ ಕೆಲಸ ಎಂದರೆ ನೀರನ್ನು ತಡಮಾಡಿಸುವ ಕೆಲಸ.

ನನ್ನ ತವರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಕಡಲು ಸೇರುವ ಅಳಿವೆಗೆ ಹತ್ತಿರ. ಗಂಡನ ಮನೆ ಶಿರಸಿಯ ಬಳಿ, ಅದೇ ಹೊಳೆಗೆ ಹೋಗಿ ಕೂಡುವ ಸಣ್ಣ ಹಳ್ಳವೊಂದರ ತಲೆಯಲ್ಲಿ. ಹೊಳೆಯ ಎರಡೂ ತುದಿ ಗೊತ್ತಿದ್ದದ್ದು ಈ ಕೆಲಸದಲ್ಲಿ ನನಗೆ ಅನುಕೂಲವೇ ಆಯಿತು. ಇಲ್ಲಿ ನಮಗೆ ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಅದರ ಮೇಲೆ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಮಟ್ಟಸವಾದ ಬೇಣ, ಅಂದರೆ ಹುಲ್ಲುಗಾವಲು. ತೋಟದ ಕೆಳಗೆ, ಹಳ್ಳ ಶುರುವಾಗುವಲ್ಲಿ, ಅರ್ಧ ಎಕರೆಯಷ್ಟು ಜಡ್ಡಿ. ಕಾಲಿಟ್ಟರೆ ಮೊಣಕಾಲವರೆಗೆ ಹುಗಿಯುವ ಜೌಗು. ನಮ್ಮ ಬಾವಿ ಆ ಜಡ್ಡಿಯ ಅಂಚಿನಲ್ಲಿದೆ.

ಅಡಿಕೆಗೆ ದರ ಬಂದ ವರ್ಷಗಳಲ್ಲಿ ಸುತ್ತಲಿನ ಎಷ್ಟೋ ಜಡ್ಡಿಗಳಿಗೆ ಜೆಸಿಬಿ ಇಳಿಯಿತು. ನಡುವೆ ಆಳದ ಕಾದಿಗೆ (ಬಸಿಗಾಲುವೆ) ಹೊಡೆದು ನೀರು ಬಸಿದರೆ ಒಂದೆರಡು ಬೇಸಿಗೆಯಲ್ಲಿ ಜಾಗ ಗಟ್ಟಿಯಾಗುತ್ತದೆ, ಹೊರಗಿನ ಮಣ್ಣು ಏರಿಸಿ ಸಸಿ ನೆಡಬಹುದು. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. ಅರ್ಧ ಎಕರೆ ಎಂದರೆ ಇನ್ನೂರೈವತ್ತಕ್ಕೆ ಮೇಲೆ ಮರ, ಸಣ್ಣ ಆಸೆಯಲ್ಲ. ತಡೆದದ್ದು ಅತ್ತೆ. “ಆ ಜಡ್ಡಿಗೆ ಕೈ ಹಾಕಡ ಕೂಸೆ, ಅದು ಒಣಗಿರೆ ಬಾವಿನೂ ಒಣಗ್ತು” ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ನೆಲದ ಪದರ ನೋಡಿದ ಮೇಲೆ ನನಗೆ ಅರ್ಥವಾಯಿತು.

ಇಲ್ಲಿನ ಗುಡ್ಡಗಳ ಮೇಲ್ಭಾಗ ಜಂಬಿಟ್ಟಿಗೆ. ತೂತು ತೂತಾದ ಕಲ್ಲು, ನೀರನ್ನು ಸರಾಗವಾಗಿ ಕುಡಿಯುತ್ತದೆ. ಅದರ ಕೆಳಗೆ ಶೇಡಿ ಮಣ್ಣು: ನುಣುಪು, ಬಿಳಿ ಇಲ್ಲವೇ ನಸುಗೆಂಪು, ನೀರನ್ನು ಸುಲಭಕ್ಕೆ ಕೆಳಗೆ ಬಿಡದು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಇಳಿದು ಶೇಡಿಗೆ ತಾಗಿ, ಅದರ ಮೇಲೆಯೇ ಅಡ್ಡಕ್ಕೆ ಸರಿಯುತ್ತಾ ಕಣಿವೆಯ ಕಡೆ ಬಂದು ಒರತೆಯಾಗಿ ಏಳುತ್ತದೆ. ಜಡ್ಡಿ ಇರುವುದು ಆ ನೀರು ಮೇಲೆ ಬರುವ ಜಾಗದಲ್ಲಿ. ಅಂದರೆ ಜಡ್ಡಿಯಲ್ಲಿ ನೀರು ಇಂಗುವುದು ಕಡಿಮೆ. ಗುಡ್ಡದಲ್ಲಿ ಇಂಗಿದ್ದು ಅಲ್ಲಿ ಹೊರಬೀಳುತ್ತದೆ. ಅಲ್ಲಿ ಆಳದ ಕಾದಿಗೆ ಹೊಡೆದರೆ ಹೊರಬೀಳುವ ಬಾಯಿಯನ್ನು ತಗ್ಗಿಗೆ ಇಳಿಸಿದ ಹಾಗಾಯಿತು. ಸುತ್ತಲಿನ ನೆಲದ ನೀರು ಆ ಮಟ್ಟಕ್ಕೆ ಇಳಿಯುವವರೆಗೆ ಹರಿದು ಹೋಗುತ್ತದೆ, ಜೊತೆಗೆ ಬಾವಿಯದೂ. ಜಡ್ಡಿ ಒಣಗಿಸಿ ಅಡಿಕೆ ನೆಟ್ಟವರು ನಾಲ್ಕೈದು ವರ್ಷದಲ್ಲಿ ಅದೇ ಅಡಿಕೆಗೆ ನೀರು ಹುಡುಕಿ ಬೋರ್‌ವೆಲ್ ಹೊಡೆಸುವುದನ್ನು ನಾನು ನೋಡಿದ್ದೇನೆ.

ಕೆಲಸವನ್ನು ಮೇಲಿನಿಂದ ಶುರು ಮಾಡಿದೆವು. ಮೊದಲು ಒಂದು ಸುಲಭದ ಪರೀಕ್ಷೆ. ಬೇಣದಲ್ಲಿ, ಬೆಟ್ಟದ ನಡುವೆ, ತೋಟದ ತಲೆಯಲ್ಲಿ ಒಂದೊಂದು ಅಡಿ ಉದ್ದ, ಅಗಲ, ಆಳದ ಗುಳಿ ತೆಗೆದು ನೀರು ತುಂಬಿ ಗಡಿಯಾರ ನೋಡುವುದು. ಮೊದಲ ಸಲ ತುಂಬಿದ್ದು ಲೆಕ್ಕಕ್ಕಿಲ್ಲ, ಒಣಮಣ್ಣು ಹೇಗೂ ಕುಡಿಯುತ್ತದೆ. ಎರಡನೆಯ, ಮೂರನೆಯ ಸಲದ್ದು ನೋಡಬೇಕು. ಬೇಣದ ಗುಳಿ ಬೇಗ ಬರಿದಾಯಿತು. ತೋಟದ ತಲೆಯದು ಮಾರನೆಯ ಬೆಳಿಗ್ಗೆಯೂ ಅರ್ಧ ತುಂಬಿಯೇ ಇತ್ತು. ಎಲ್ಲಿ ಇಂಗಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು. ಇದಕ್ಕೆ ಯಾವ ಯಂತ್ರವೂ ಬೇಡ, ಒಂದು ಹಾರೆ, ಎರಡು ಕೊಡ ನೀರು ಸಾಕು.

ಬೇಣದ ನೆಲ ದನಗಳ ಕಾಲಿಗೆ ಸಿಕ್ಕಿ ಮೇಲ್ಗಡೆ ಗಟ್ಟಿಯಾಗಿರುತ್ತದೆ. ಆ ಹೊರಪದರ ಒಡೆದರೆ ಕೆಳಗಿನ ಜಂಬಿಟ್ಟಿಗೆ ಬಾಯಿ ತೆರೆದುಕೊಂಡೇ ಇದೆ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದೆವು, ಸಮಮಟ್ಟದ ಗೆರೆ ಎಳೆದು ಅದರ ಮೇಲೆ ಇಂಗುಗುಂಡಿ ತೋಡಿದೆವು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಸಂದಿಗೆ ಸರಿಯಾಗಿ ಕೆಳಗಿನ ಸಾಲಿನ ಗುಂಡಿ ಬರಬೇಕು. ತೆಗೆದ ಮಣ್ಣು ಕೆಳದಿಕ್ಕಿನ ಅಂಚಿಗೆ. ಇಂಥ ಒಂದು ಗುಂಡಿಯಲ್ಲಿ ಹಿಡಿಯುವುದು ಸುಮಾರು 680 ಲೀಟರ್. ಇಷ್ಟೇನಾ ಎಂದು ಮೂಗು ಮುರಿದವರಿದ್ದಾರೆ. ಆದರೆ ಗುಂಡಿಯ ಬೆಲೆ ಅದರ ಹೊಟ್ಟೆಯ ಗಾತ್ರದಿಂದ ತಿಳಿಯುವುದಿಲ್ಲ, ಮಳೆಗಾಲದಲ್ಲಿ ಅದು ಎಷ್ಟು ಸಲ ತುಂಬಿ ಎಷ್ಟು ಸಲ ಬರಿದಾಯಿತು ಎಂಬುದರಿಂದ ತಿಳಿಯುತ್ತದೆ. ಬರಿದಾಗದೆ ನಿಂತ ದೊಡ್ಡ ಹೊಂಡಕ್ಕಿಂತ ಬೇಗ ಬರಿದಾಗುವ ಪುಟ್ಟ ಗುಂಡಿ ಮೇಲು.

ಗುಂಡಿಯ ಒಂದು ತುದಿಯನ್ನು ಮಾತ್ರ ಇಳಿಜಾರಾಗಿಯೇ ಬಿಡಬೇಕು. ನಾಲ್ಕೂ ಕಡೆ ನೇರ ಕಡಿದರೆ ರಾತ್ರಿ ಬಿದ್ದ ಬರ್ಕ ಎಂಬ ಪುಟ್ಟ ಜಿಂಕೆಯಾಗಲಿ, ಆಮೆಯಾಗಲಿ, ನಮ್ಮದೇ ಕೊಟ್ಟಿಗೆಯ ಕರುವಾಗಲಿ ಹತ್ತಿ ಬರಲಾರದು. ಮೇ ತಿಂಗಳಲ್ಲಿ ತಳದ ಮಣ್ಣು ಎತ್ತುವ ಕೆಲಸ ವರ್ಷವೂ ಇದ್ದದ್ದೇ. ಎತ್ತದಿದ್ದರೆ ನುಣ್ಣನೆ ಕೆಸರು ಕೂತು ಎರಡನೇ ವರ್ಷಕ್ಕೇ ಗುಂಡಿ ಇಂಗಿಸುವುದನ್ನು ಬಿಟ್ಟು ಸೊಳ್ಳೆ ಸಾಕುತ್ತದೆ.

ಇನ್ನು ಇಳಿಜಾರು. ಓಡುವ ನೀರನ್ನು ನಡೆಸು, ನಡೆಯುವುದನ್ನು ನಿಲ್ಲಿಸು, ನಿಂತದ್ದನ್ನು ಇಂಗಿಸು ಎನ್ನುವ ಮಾತು ಎಲ್ಲ ಜಲ ಕಾರ್ಯಾಗಾರದಲ್ಲೂ ಕೇಳಿಸುತ್ತದೆ. ಬಯಲಿಗೆ ಅದು ಸರಿ. ನಮ್ಮ ಕಡಿದಾದ ಬೆಟ್ಟದ ಪಕ್ಕೆಯಲ್ಲಿ ನೀರು ನಿಲ್ಲಿಸುವುದು ಅಪಾಯ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗಿನ ಶೇಡಿ ಒದ್ದೆಯಾಗಿ ಜಾರುತ್ತದೆ, ಆಮೇಲೆ ಗುಡ್ಡವೇ ಹೊರಡುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಬಿತ್ತು. ಒಂದೊಂದರ ಕಾರಣ ಒಂದೊಂದು ಇರಬಹುದು, ಶಿರೂರಿನದು ರಸ್ತೆಗಾಗಿ ಬುಡ ಕಡಿದ ಗುಡ್ಡ. ಆದರೂ ತೋಟದ ತಲೆಯ ಮೇಲಿನ ಕಡಿದಾದ ಜಾಗದಲ್ಲಿ ಅಡ್ಡಗಾಲುವೆ ತೋಡಿಸಿ ಎಂದು ಯಾರಾದರೂ ಹೇಳಿದರೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ಅದೂ ಅಲ್ಲದೆ ಸೊಪ್ಪಿನ ಬೆಟ್ಟ ಅರಣ್ಯ. ತೋಟಿಗರಿಗೆ ಅಲ್ಲಿ ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಸವಲತ್ತು ಇದೆ, ಒಡೆತನವಿಲ್ಲ. ಯಂತ್ರ ಇಳಿಸುವ ಪ್ರಶ್ನೆಯೇ ಇಲ್ಲ.

ಇಳಿಜಾರಿನಲ್ಲಿ ನಾವು ಮಾಡಿದ್ದು ದರಕು ಬಿಡುವುದಷ್ಟೇ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಆ ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಗೊಬ್ಬರ ತೋಟಕ್ಕೆ. ಮಾಘ, ಫಾಲ್ಗುಣದಲ್ಲಿ ಬೆಟ್ಟವನ್ನು ಅಂಗಳದಂತೆ ಗುಡಿಸಿ ದರಕು ಒಟ್ಟುವುದು ರೂಢಿ. ಗುಡಿಸಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಹನಿ ನೇರ ಮಣ್ಣಿಗೆ ಹೊಡೆದು ರಂಧ್ರ ಮುಚ್ಚುತ್ತದೆ, ಕೆಂಪು ನೀರು ಓಡುತ್ತದೆ. ದರಕು ಇದ್ದಲ್ಲಿ ನೀರು ಮೆಲ್ಲಗೆ ಇಳಿಯುತ್ತದೆ. ಹಾಗೆಂದು ದರಕೇ ತರಬಾರದು ಎಂದರೆ ತೋಟಕ್ಕೆ ಏನು ಹಾಕುವುದು? ಅದಕ್ಕೆ ಪಟ್ಟಿ ಪಟ್ಟಿಯಾಗಿ ಗುಡಿಸುತ್ತೇವೆ. ಈ ವರ್ಷ ಗುಡಿಸಿದ ಪಟ್ಟಿಯನ್ನು ಮುಂದಿನ ವರ್ಷ ಮುಟ್ಟುವುದಿಲ್ಲ. ತೋಟದಲ್ಲಿ ಬಿದ್ದ ಸೋಗೆ, ಹಾಳೆ, ಅಡಿಕೆ ಸಿಪ್ಪೆಯನ್ನು ಸುಡದೆ ಬುಡಕ್ಕೇ ಹಾಸಿದ್ದರಿಂದ ಕೊರತೆ ತುಂಬಿತು, ಬುಡದ ತೇವವೂ ಉಳಿಯಿತು.

ಜಡ್ಡಿಯ ಕೆಲಸವೇ ಎಲ್ಲಕ್ಕಿಂತ ನಾಜೂಕಿನದು. ಹಿಂದೆ ಯಾವಾಗಲೋ ಗದ್ದೆಗೆಂದು ಅದರ ನಡುವೆ ತೆಗೆದ ಹಳೆಯ ಬಸಿಗಾಲುವೆ ಇತ್ತು. ಅದರ ಬಾಯಿ ಮುಚ್ಚಿ ಒಡ್ಡು ಹಾಕಿದರೆ ಜಡ್ಡಿ ತುಂಬುತ್ತದೆ, ಸರಿ. ಆದರೆ ನೀರು ಹಿಂದಕ್ಕೆ ಏರಿ ತೋಟದ ಕಾದಿಗೆಗೆ ಬಂದರೆ ಮಳೆಗಾಲದಲ್ಲಿ ಅಡಿಕೆ ಬೇರು ಕೊಳೆಯುತ್ತದೆ. ಮಳೆಗಾಲದಲ್ಲಿ ನೀರು ಸರಾಗ ಹೋಗಬೇಕು, ಮಳೆ ನಿಂತ ಮೇಲೆ ಹೋಗಬಾರದು. ಇದಕ್ಕೆ ಉಪಾಯ ಸಿಕ್ಕಿದ್ದು ತವರಿನಲ್ಲಿ. ಅಲ್ಲಿ ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪು ನೀರಿನ ಗದ್ದೆಯ, ಒಡ್ಡಿಗೆ ಹಲಗೆ ಬಾಗಿಲು ಇರುತ್ತದೆ. ಭತ್ತದ ಕಾಲದಲ್ಲಿ ಉಪ್ಪು ನೀರು ಒಳಗೆ ಬಾರದ ಹಾಗೆ ಇಳಿಸುತ್ತಾರೆ, ಬೆಳೆ ಮುಗಿದ ಮೇಲೆ ಸಿಗಡಿಗಾಗಿ ಎತ್ತುತ್ತಾರೆ. ಅದನ್ನೇ ಇಲ್ಲಿಗೆ ತಂದೆವು. ಬಸಿಗಾಲುವೆಯ ಬಾಯಿಗೆ ಎರಡೂ ಕಡೆ ಜಂಬಿಟ್ಟಿಗೆ ಕಲ್ಲು ಕಟ್ಟಿ, ಹಿಂದೆ ಜೇಡಿಮಣ್ಣು ತುಳಿದು ತುಂಬಿ, ನಡುವೆ ಸೀಳು ಬಿಟ್ಟು ಹಲಗೆ ಇಳಿಸುವ ಹಾಗೆ ಮಾಡಿದ್ದೇವೆ. ಎಲ್ಲ ಹಲಗೆ ಇಳಿಸಿದರೂ ನೀರಿನ ಮಟ್ಟ ತೋಟದ ಅತಿ ತಗ್ಗಿನ ಕಾದಿಗೆಯ ತಳಕ್ಕಿಂತ ಎರಡು ಗೇಣು ಕೆಳಗೇ ಇರಬೇಕು, ಈ ಮಟ್ಟವನ್ನು ಪೈಪು ಹಿಡಿದು ನೋಡಿಯೇ ಕಲ್ಲು ಕಟ್ಟಿದ್ದು. ಕೋಡಿ ಬೀಳುವಲ್ಲಿ ಕಲ್ಲು ಹಾಸಿದೆ, ಇಲ್ಲದಿದ್ದರೆ ಒಂದೇ ಮಳೆಗೆ ಕೊರೆದುಬಿಡುತ್ತದೆ.

ಜೂನ್‌ನಿಂದ ಹಲಗೆ ಹೊರಗೆ. ಚೌತಿ ಮುಗಿದು ನವರಾತ್ರಿ ಬರುವಷ್ಟರಲ್ಲಿ ಆಕಾಶ ನೋಡಿಕೊಂಡು ಒಂದೊಂದಾಗಿ ಇಳಿಸುತ್ತೇವೆ. ತಡಮಾಡಿದರೆ ತುಂಬಿಸಲು ನೀರಿರುವುದಿಲ್ಲ, ಅವಸರ ಮಾಡಿದರೆ ಹಿಂಗಾರಿನ ಒಂದು ದೊಡ್ಡ ಮಳೆಗೆ ತೋಟ ನೆನೆಯುತ್ತದೆ. ಇದು ವರ್ಷವೂ ಹೊಸದಾಗಿ ಯೋಚಿಸಬೇಕಾದ ವಿಷಯ, ತಾರೀಕು ನೋಡಿ ಮಾಡುವುದಲ್ಲ.

ಜಡ್ಡಿಯೊಳಗೆ ನಾವು ನೆಟ್ಟದ್ದಕ್ಕಿಂತ ತಾನಾಗಿ ಬಂದದ್ದೇ ಹೆಚ್ಚು. ಮುಂಡಿಗೆ, ಕೇದಿಗೆ, ಕೆಸು ಇದ್ದವು. ಅಂಚಿಗೆ ಹೊಳೆದಾಸವಾಳ, ನೀರು ನೇರಳೆ, ರಾಮಪತ್ರೆಯ ಸಸಿ ಹಾಕಿದೆವು. ನೆರಳು ಬಿದ್ದರೆ ಬೇಸಿಗೆಯ ಬಿಸಿಲಿಗೆ ಆವಿಯಾಗುವುದು ತಗ್ಗುತ್ತದೆ. ನಿಜವಾದ ರಾಮಪತ್ರೆ ಜಡ್ಡಿ ನೋಡಬೇಕೆಂದರೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋಗಬೇಕು. ಮರದ ಬೇರುಗಳು ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿದಿರುತ್ತವೆ, ಗಾಳಿ ಸಿಗದ ಮಣ್ಣಿನಲ್ಲಿ ಉಸಿರಾಡುವ ದಾರಿ ಅದು. ಕುಂಬಾರ ಕಪ್ಪೆ ಎಂದು 2014ರಲ್ಲಿ ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು ಆ ಸೀಮೆಯ ಕಪ್ಪೆಯನ್ನೇ. ಮೊಟ್ಟೆಯ ಮೇಲೆ ಗಂಡು ಕಪ್ಪೆ ಕೈಯಿಂದ ಕೆಸರು ಬಳಿಯುತ್ತದೆ. ನಮ್ಮ ಅರ್ಧ ಎಕರೆಯನ್ನು ಅದರ ಪಕ್ಕ ಇಟ್ಟು ನೋಡುವ ಹಾಗಿಲ್ಲ. ಆದರೆ ಸೋಂದಾದ ಮುಂಡಿಗೆಕೆರೆಯನ್ನು ನೋಡಿದವರಿಗೆ ಗೊತ್ತು, ನಾಲ್ಕಾರು ಎಕರೆಯ ಸಣ್ಣ ಕೆರೆ, ಮುಂಡಿಗೆ ಗಿಡದ ಮೇಲೆ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಹಕ್ಕಿಗೆ ಜಾಗ ದೊಡ್ಡದಿರಬೇಕೆಂದಿಲ್ಲ, ಯಾರೂ ಕೆದಕದೆ ಇರಬೇಕು ಅಷ್ಟೆ.

ಕಪ್ಪೆಯ ಮಾತು ಬಂದದ್ದಕ್ಕೆ ಒಂದು ಸಂಗತಿ ಹೇಳಿಬಿಡುತ್ತೇನೆ, ತೋಟಿಗರು ಇದನ್ನು ಮಾತಾಡುವುದು ಕಡಿಮೆ. ಕೊಳೆ ರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ಗೊದಮೊಟ್ಟೆಗೂ ವಿಷ. ಔಷಧಿ ಹೊಡೆಯುವ ಕಾಲವೂ ಕಪ್ಪೆ ಮೊಟ್ಟೆ ಇಡುವ ಕಾಲವೂ ಒಂದೇ. ದ್ರಾವಣ ಕಲಸುವ ಡ್ರಮ್ಮು, ದೋಟಿ, ಪೈಪನ್ನು ಹಳ್ಳದಲ್ಲೇ ತೊಳೆಯುವುದು ಎಲ್ಲರ ರೂಢಿ. ಈಗ ನಾವು ಕಲಸುವುದು, ತೊಳೆಯುವುದು ಎರಡನ್ನೂ ಅಂಗಳದ ಬದಿಗೆ ತಂದಿದ್ದೇವೆ. ತೊಳೆದ ನೀರು ಒಂದು ಗುಂಡಿಗೆ, ಅಲ್ಲಿ ಕಸ, ಸೆಗಣಿ, ಮಣ್ಣು ಹಾಕಿ ಮುಚ್ಚುತ್ತೇವೆ. ತೋಟದ ಜಡ್ಡಿ ಕಡೆಯ ಕೊನೆಯ ಸಾಲಿಗೆ ಗಾಳಿ ಬೀಸುವಾಗ ಹೊಡೆಯುವುದಿಲ್ಲ. ಪೂರ್ತಿ ತಪ್ಪಿಸಲು ಆಗುವುದಿಲ್ಲ, ಅಡಿಕೆ ಬಿಟ್ಟು ಬದುಕಲು ನಾವೇನು ಋಷಿಗಳಲ್ಲ.

ಕಾಡುಪ್ರಾಣಿಗೆ ನೀರು ಕೊಟ್ಟರೆ ತೋಟಕ್ಕೆ ಬರುವುದಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಜಡ್ಡಿಯ ಬೆಟ್ಟದ ಕಡೆಯ ಅಂಚನ್ನು ಬೇಲಿ ಇಲ್ಲದೆ, ಸಪಾಟಾಗಿ ಬಿಟ್ಟಿದ್ದೇವೆ. ಕಾಡುಕೋಣ ಬರುತ್ತವೆ, ಬರ್ಕ ಬರುತ್ತದೆ, ಹಂದಿ ಹೊರಳುತ್ತದೆ. ಹಂದಿ ಅಲ್ಲಿಂದಲೇ ತೋಟಕ್ಕೂ ಬಂದು ಬಾಳೆ ಬುಡ ಅಗೆಯುತ್ತದೆ. ಮಂಗನಿಗೆ ನೀರಿನ ಹಂಗೇ ಇಲ್ಲ, ಅದು ಬರುವುದು ಏಲಕ್ಕಿಗೆ, ಬಾಳೆಗೆ, ಎಳನೀರಿಗೆ. ಹಾಗಾದರೆ ಲಾಭವೇನು? ಬೇಸಿಗೆಯಲ್ಲಿ ನೀರಿಗಾಗಿ ತೋಟದ ನಡುವೆ ಹಾದು ಬಾವಿ ಕಟ್ಟೆವರೆಗೆ ಬರುತ್ತಿದ್ದ ಕೋಣಗಳು ಈಗ ಜಡ್ಡಿಯ ಆಚೆ ಬದಿಯಿಂದಲೇ ಹಿಂದಿರುಗುತ್ತವೆ. ತುಳಿದು ಹಾಳಾಗುವ ಸಸಿ ಕಡಿಮೆ. ಅಷ್ಟು ಮಾತ್ರ. ಸಿಮೆಂಟ್ ತೊಟ್ಟಿ ಇಟ್ಟು ಟ್ಯಾಂಕರ್ ನೀರು ಹೊಯ್ಯುವುದಕ್ಕೆ ನನ್ನ ಮನಸ್ಸಿಲ್ಲ. ಒಂದೇ ತೊಟ್ಟಿಗೆ ಎಲ್ಲ ಪ್ರಾಣಿ ಬಾಯಿಡುತ್ತವೆ, ಹೊಯ್ಯುವವರು ಒಂದು ವಾರ ಮರೆತರೆ ಅವೂ ಕೆಟ್ಟವು.

ಇಷ್ಟರವರೆಗಿನದು ನಮ್ಮ ಜಾಗದೊಳಗಿನ ಕೆಲಸ. ಕಷ್ಟವಾದದ್ದು ಹಳ್ಳದ ಪಾಲು. ಶಿರಸಿ ಪೇಟೆಗೆ ಕುಡಿಯುವ ನೀರು ಬರುವುದು ಕೆಂಗ್ರೆ ಮತ್ತು ಮಾರಿಗದ್ದೆಯ ಹೊಳೆಯಿಂದ. ಅಂಥ ಹೊಳೆಗೆ ನೀರು ಕೂಡಿಸುವ ಹಳ್ಳಗಳ ಉದ್ದಕ್ಕೂ ತೋಟಗಳಿವೆ, ಪ್ರತಿ ತೋಟಕ್ಕೂ ಹಳ್ಳಕ್ಕೆ ಅಡ್ಡ ಹಾಕಿದ ಒಂದು ಕಟ್ಟ, ಒಂದು ಪಂಪು. ಮಳೆ ಕೈಕೊಟ್ಟ ವರ್ಷ ಮೇಲಿನವರು ಎಲ್ಲ ಎತ್ತಿಬಿಟ್ಟರು ಎಂದು ಪೇಟೆಯವರು, ನಮ್ಮ ನೀರು ಕೊಂಡುಹೋಗುತ್ತಾರೆ ಎಂದು ತೋಟಿಗರು. ನಾನು ಒಂದು ಲೆಕ್ಕ ಬರೆದು ಕೇರಿಯ ಮನೆಗಳಿಗೆ ತೋರಿಸಿದೆ. ಹಳ್ಳದಲ್ಲಿ ಸೆಕೆಂಡಿಗೆ ಒಂದೇ ಒಂದು ಲೀಟರ್ ಹರಿದರೂ ದಿನಕ್ಕೆ 86,400 ಲೀಟರ್. ಪೇಟೆಗೆ ತಲೆಗೆ 135 ಲೀಟರ್ ಎಂದು ಹಿಡಿದರೆ 640 ಜನಕ್ಕೆ ಆಗುತ್ತದೆ. ತೋಟಕ್ಕೆ ಎಂದರೆ, ಎಕರೆಗೆ 550 ಮರ, ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್, ಹತ್ತಿರ ಹತ್ತಿರ ಎಂಟೂವರೆ ಎಕರೆಗೆ ಆಗುತ್ತದೆ. ಎಂಟೂವರೆ ಎಕರೆ ತೋಟ ಮತ್ತು 640 ಜನ, ತಕ್ಕಡಿಯಲ್ಲಿ ಇಟ್ಟು ನೋಡಿ ಎಂದೆ. ಯಾರೂ ಒಮ್ಮೆಲೇ ಒಪ್ಪಲಿಲ್ಲ. ಆದರೆ ಸ್ಪ್ರಿಂಕ್ಲರ್ ಬಿಟ್ಟು ಡ್ರಿಪ್‌ಗೆ ಬರುವ ಮಾತು ಅಂದೇ ಶುರುವಾಯಿತು.

ಆಮೇಲೆ ಕಟ್ಟದ ವಿಷಯ. ಮಳೆ ಪೂರ್ತಿ ನಿಂತ ಮೇಲೆ ಹಳ್ಳಕ್ಕೆ ಅಡ್ಡ ಗೂಟ ನೆಟ್ಟು, ಸೊಪ್ಪು, ಕಲ್ಲು, ಮಣ್ಣು ತುಂಬಿ ಕಟ್ಟ ಹಾಕುವುದು ಹಳೆಯ ಪದ್ಧತಿ, ಮುಂದಿನ ಮಳೆಗೆ ತಾನೇ ಕೊಚ್ಚಿಹೋಗುತ್ತದೆ. ಈಗ ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಹನಿ ಸೋರದ ಹಾಗೆ ಕಟ್ಟುವ ಚಾಳಿ ಬಂದಿದೆ. ನಮ್ಮಲ್ಲಿ ಕಟ್ಟ ಹಾಕಲು ಬರುವ ಹಿರಿಯರೊಬ್ಬರು ಪ್ಲಾಸ್ಟಿಕ್ ನೋಡಿ, “ಅಮ್ಮಾ, ಕಟ್ಟ ಅಂದ್ಮೇಲೆ ಸೋರ್ಬೇಕ್ರಾ, ಕೆಳಗಿನವ್ರೂ ಉಣ್ಬೇಕಲ್ರಾ” ಎಂದರು. ಹಳ್ಳದ ಮನೆಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದ ಇಷ್ಟು: ಪ್ಲಾಸ್ಟಿಕ್ ಬೇಡ, ಪ್ರತಿ ಕಟ್ಟಕ್ಕೂ ತಳದಲ್ಲಿ ಒಂದು ಕಂಡಿ ಇರಬೇಕು, ಎಲ್ಲಕ್ಕಿಂತ ಕೆಳಗಿನ ಮೋರಿಯ ಕಲ್ಲಿನ ಮೇಲೆ ಬಳಿದ ಬಣ್ಣದ ಗೆರೆಗಿಂತ ನೀರು ಇಳಿದರೆ ಎಲ್ಲರೂ ಪಂಪಿನ ಹೊತ್ತು ಅರ್ಧಕ್ಕೆ ಇಳಿಸಬೇಕು. ಲಿಖಿತ ಏನೂ ಇಲ್ಲ. ಮುರಿಯುವವರು ಇದ್ದಾರೆ, ರಾತ್ರಿ ಪಂಪಿನ ಸದ್ದು ಕೇಳಿಸುತ್ತದೆ, ಬೆಳಿಗ್ಗೆ ಜಗಳವೂ ಆಗುತ್ತದೆ. ಆದರೆ ಗೆರೆ ಇರುವುದರಿಂದ ಜಗಳಕ್ಕೆ ಒಂದು ಅಳತೆ ಬಂದಿದೆ.

ಪೇಟೆಯವರ ಪಾಲಿನ ಕೆಲಸವೂ ಇದೆ. ಮೈದುನನ ಮನೆ ಶಿರಸಿಯಲ್ಲೇ, ಸಾವಿರ ಚದರಡಿಯ ಮಾಡು. ಅದರ ಮೇಲೆ ವರ್ಷಕ್ಕೆ ಬೀಳುವುದು ಎರಡು ಲಕ್ಷ ಮೂವತ್ತು ಸಾವಿರ ಲೀಟರ್‌ಗೆ ಹತ್ತಿರ. ಮೊದಲ ನಾಲ್ಕಾರು ಮಳೆ ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳಿನ ಸೋಸು ತೊಟ್ಟಿ ದಾಟಿಸಿ ತೆರೆದ ಬಾವಿಗೆ ಬಿಡುತ್ತಿದ್ದಾರೆ. ಅಂಗಳದ ನೀರನ್ನು ಮಾತ್ರ ಬಾವಿಗೆ ಬಿಡಬಾರದು ಎಂದು ನಾನು ಹಟ ಹಿಡಿದೆ. ಜಂಬಿಟ್ಟಿಗೆ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಹೊಲಸನ್ನೂ ಅಷ್ಟೇ ಬೇಗ ಸಾಗಿಸುತ್ತದೆ, ಪೇಟೆಯಲ್ಲಿ ಒಬ್ಬರ ಪಾಯಿಖಾನೆ ಗುಂಡಿ ಇನ್ನೊಬ್ಬರ ಬಾವಿಗೆ ಕೂಗಳತೆಯೂ ಇಲ್ಲ. ಪೇಟೆಯ ಕೆರೆಗಳ ಹೂಳೆತ್ತುವ ಕೆಲಸಕ್ಕೆ ಶಿರಸಿ ಜೀವಜಲ ಕಾರ್ಯಪಡೆ ಇಳಿದ ಮೇಲೆ ಜನ ಕೆರೆ ಕಡೆ ತಿರುಗಿ ನೋಡಿದರು, ಅದು ದೊಡ್ಡ ಮಾತು. ಹೂಳು ಎತ್ತುವಾಗ ಒಂದು ಎಚ್ಚರ ಬೇಕು. ಕುಡಿಯಲು, ತೋಟಕ್ಕೆ ನೀರು ಹಿಡಿದಿಡಬೇಕಾದ ಕೆರೆಯಲ್ಲಿ ಹೂಳಿನ ಕೆಳಗಿನ ಜೇಡಿಪದರಕ್ಕೆ ಜೆಸಿಬಿ ಬಕೆಟ್ ತಾಗಬಾರದು, ಅದು ಹರಿದರೆ ಕೆರೆ ನಿಲ್ಲುವುದಿಲ್ಲ.

ಬೋರ್‌ವೆಲ್ ಇರುವವರು ನನ್ನ ಇಂಗುಗುಂಡಿ ನೋಡಿ ತಮ್ಮ ಬೋರ್‌ಗೂ ನೀರು ಬರುತ್ತದೆಯೇ ಎಂದು ಕೇಳುತ್ತಾರೆ. ಬೇಣದಲ್ಲಿ ಇಂಗಿದ ನೀರು ಶೇಡಿಯ ಮೇಲೇ ಸರಿದು ಬಾವಿಗೆ, ಹಳ್ಳಕ್ಕೆ ಬರುತ್ತದೆ. ಶೇಡಿಯನ್ನೂ ದಾಟಿ ಬಂಡೆಯ ಬಿರುಕಿಗೆ ಇಳಿಯುವುದು ಸಾವಕಾಶದ ಮಾತು. ನೆಲದ ಮೇಲಿನ ನೀರನ್ನು ನೇರ ಬೋರ್ ಪೈಪಿಗೆ ಬಿಟ್ಟರೆ ಕೆಸರು ಹೋಗಿ ಬಿರುಕುಗಳೇ ಮುಚ್ಚಿಕೊಳ್ಳುತ್ತವೆ. ಸೋಸದೆ ಒಂದು ಹನಿಯೂ ಬಿಡಬೇಡಿ.

ಫಲ ಎಷ್ಟು ಸಿಕ್ಕಿತು ಎಂದರೆ, ಮಳೆ ಸರಿಯಾದ ವರ್ಷ ಫೆಬ್ರವರಿಗೆ ನಿಲ್ಲುತ್ತಿದ್ದ ಜಡ್ಡಿಯ ಹರಿವು ಈಗ ಏಪ್ರಿಲ್‌ವರೆಗೆ ತೆಳ್ಳಗೆ ಇರುತ್ತದೆ, ಬಾವಿಯಲ್ಲಿ ಮೇ ತಿಂಗಳಲ್ಲೂ ಪಂಪಿನ ಬಾಯಿ ಮುಳುಗುವಷ್ಟು ನೀರಿರುತ್ತದೆ. ಆದರೆ 2023ರ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಹಲಗೆ ಇಳಿಸಿದರೂ ಮಾರ್ಚ್‌ಗೇ ಹರಿವು ನಿಂತಿತು. ಜಡ್ಡಿಯ ಕೆಸರು ಮಾತ್ರ ಒದ್ದೆ ಇತ್ತು, ಕೋಣಗಳು ಅದನ್ನೇ ಕಾಲಿನಿಂದ ಕೆದಕಿ ಕುಡಿದವು. ಬೀಳದ ಮಳೆಯನ್ನು ಯಾವ ಗುಂಡಿಯೂ ಇಂಗಿಸಲಾರದು. ಬೇಡ್ತಿ–ವರದಾ ನದಿಗಳನ್ನು ಜೋಡಿಸಿ ಈ ಕಡೆಯ ‘ಹೆಚ್ಚುವರಿ’ ನೀರನ್ನು ಪೂರ್ವಕ್ಕೆ ಒಯ್ಯುವ ಯೋಜನೆ ಬರೆಯುವವರು ಅಂಥ ಒಂದು ಏಪ್ರಿಲ್‌ನಲ್ಲಿ ಬಂದು ಹೊಳೆ ದಾಟಿ ನೋಡಬೇಕು, ಚಪ್ಪಲಿ ನೆನೆಯುವುದಿಲ್ಲ.

ಹೆಚ್ಚುವರಿ ಎನ್ನುವ ಮಾತು ತವರಿನಲ್ಲಿ ಇನ್ನೂ ತಮಾಷೆಯಾಗಿ ಕೇಳಿಸುತ್ತದೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿ ತಂದು ಸುರಿಯುವ ಸಿಹಿ ನೀರು ಕಡಲಿನ ಉಪ್ಪಿನೊಂದಿಗೆ ಬೆರೆಯುವುದರಿಂದಲೇ ಅಳಿವೆಯಲ್ಲಿ ಬಳಚು (ಚಿಪ್ಪುಜೀವಿ), ಸಿಗಡಿ, ಮೀನು. ಗಜನಿಯಲ್ಲಿ ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿನ ಬಾವಿಗಳ ಕತೆಯೂ ಸಿಹಿ ನೀರಿನ ಮೇಲೇ ನಿಂತಿದೆ. ಕಡಲ ನೀರು ಸಿಹಿ ನೀರಿಗಿಂತ ನಲವತ್ತರಲ್ಲಿ ಒಂದು ಪಾಲು ಹೆಚ್ಚು ಭಾರ. ಹಾಗಾಗಿ ಕಡಲ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ನೆಲದಲ್ಲಿ ಸಿಹಿ ನೀರು ನಿಂತರೆ ಅದು ಕೆಳಗೆ ನಲವತ್ತು ಅಡಿಯಷ್ಟು ಉಪ್ಪನ್ನು ಒತ್ತಿ ಹಿಡಿಯುತ್ತದೆ. ಪಂಪು ಹಾಕಿ ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ಎಷ್ಟು ಮೇಲೇರಬಹುದು, ಲೆಕ್ಕ ಹಾಕಿ. ತಮ್ಮನಿಗೆ ಇದನ್ನು ಹೇಳಿದ ಮೇಲೆ ತೆಂಗಿಗೆ ಬಿಡುವ ನೀರನ್ನು ಒಂದೇ ಉಸಿರಿಗೆ ಎತ್ತದೆ ಹೊತ್ತು ಹಂಚಿ ಎತ್ತುತ್ತಿದ್ದಾನೆ, ಮಾಡಿನ ನೀರು ಬಾವಿ ಪಕ್ಕದ ಮರಳಿಗೆ ಇಂಗುತ್ತಿದೆ.

ಉಳಿದಿರುವ ತೊಡಕು ಹಳ್ಳದಲ್ಲಿ ನಮ್ಮ ಪಕ್ಕದ ಕವಲಿನದು. ಅಲ್ಲಿನ ಜಡ್ಡಿ ನಮ್ಮದಕ್ಕಿಂತ ದೊಡ್ಡದು, ಒಡೆಯರಿಗೆ ಬೇರೆ ಜಾಗವಿಲ್ಲ, ಮಗಳ ಮದುವೆ ಇದೆ. ಅಲ್ಲಿ ಕಾದಿಗೆ ಹೊಡೆಸಬೇಡಿ ಎಂದು ಹೇಳಲು ಹೋದೆ. “ಅತ್ತಿಗೆ, ನೀರು ಕುಡಿಯದು ಪ್ಯಾಟೆಯವು, ಜಾಗ ಬಿಡದು ಯಂಗವಾ?” ಎಂದರು, ಅಂದರೆ ನೀರು ಕುಡಿಯುವವರು ಪೇಟೆಯವರು, ಜಾಗ ಬಿಡುವವರು ನಾವಾ ಎಂದು. ನ್ಯಾಯವಾದ ಪ್ರಶ್ನೆ. ನಲ್ಲಿಯ ನೀರಿಗೆ ಪೇಟೆಯಲ್ಲಿ ಬಿಲ್ಲು ಬರುತ್ತದೆ, ಆ ಬಿಲ್ಲಿನಲ್ಲಿ ಜಡ್ಡಿಗೆ ಕಾಸಿಲ್ಲ. ಕೃಷಿಹೊಂಡ ತೋಡಿದರೆ ಸಹಾಯಧನ ಸಿಗುತ್ತದೆ, ಇರುವ ಜೌಗನ್ನು ತೋಡದೆ ಬಿಟ್ಟವರಿಗೆ ಏನೂ ಇಲ್ಲ. ನಾನು ಅವರಿಗೆ ಹೇಳಿದ್ದು, ಅಂಚಿನ ಗಟ್ಟಿ ಜಾಗದಲ್ಲಿ ಮಾತ್ರ ಅಡಿಕೆ ಹಾಕಿ, ನಡುವಿನ ಒದ್ದೆ ಬಿಡಿ, ಹಲಗೆ ಬಾಗಿಲಿಗೆ ಕಲ್ಲು ಮತ್ತು ಆಳಿನ ಖರ್ಚು ಹಳ್ಳದ ಮನೆಗಳೆಲ್ಲ ಸೇರಿ ಹಾಕೋಣ ಎಂದು. ನಾಲ್ಕು ಮನೆಯವರು ಹ್ಞೂಂ ಎಂದಿದ್ದಾರೆ. ಜೆಸಿಬಿಯವನಿಗೆ ಕೊಟ್ಟ ಮುಂಗಡ ಅವರು ಇನ್ನೂ ವಾಪಸ್ ಕೇಳಿಲ್ಲ.